ಟೀ ಕುಡಿದು ಮುಂದೆ ಹೋಗೋ ಊರುಗಳು

ಡಿಸೆಂಬರ್ ಬಂತು ಅಂದ್ರೆ ಸಾಕು, ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಗೆ ಹೋಗೋ ತುಮಕೂರು ರಸ್ತೆ ಜಾಮ್. ನಾಲ್ಕು ಜನ ಸ್ನೇಹಿತರು, ಒಂದು ಕಾರು, ಎರಡು ದಿನ ರಜೆ. ಎಲ್ಲಿಗೆ ಅಂತ ಕೇಳಿ. ಹತ್ತರಲ್ಲಿ ಐದು ಕಾರಿನವರು ಗೋಕರ್ಣ ಅಂತಾರೆ, ಉಳಿದವರು ಮುರುಡೇಶ್ವರ ಅಂತಾರೆ, ಇನ್ನು ಕೆಲವರು ಸೀದಾ ಗೋವಾ. ದಾರಿಯಲ್ಲಿ ಯಾವ ಊರು ಸಿಗುತ್ತೆ ಅಂತ ಕೇಳಿದರೆ ಫೋನ್ ತೆಗೆದು ಮ್ಯಾಪ್ ನೋಡ್ತಾರೆ. ಭಟ್ಕಳ, ಹೊನ್ನಾವರ, ಕುಮಟಾ. ಈ ಮೂರೂ ಊರಿನಲ್ಲಿ ಅವರಿಗೆ ಇರೋ ಕೆಲಸ ಒಂದೇ. ಟೀ ಕುಡಿಯೋದು, ಟೈರ್‌ಗೆ ಗಾಳಿ ಹಾಕಿಸೋದು, ಮುಂದಕ್ಕೆ ಹೋಗೋದು.

ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದು ಗಂಟೆ, ಸ್ವಲ್ಪ ಹೆಚ್ಚು ಕಡಿಮೆ. ಆ ಒಂದು ಗಂಟೆಯಲ್ಲಿ ನೀವು ದಾಟಿ ಹೋಗೋದು ಒಂದು ಕಾಲದ ಮೂರು ದೊಡ್ಡ ಬಂದರು ನಗರಗಳನ್ನ. ಒಂದು ಊರಿನ ಕುದುರೆ ವಿಜಯನಗರದ ಸೈನ್ಯಕ್ಕೆ ಹೋಗ್ತಿತ್ತು. ಇನ್ನೊಂದು ಊರಿನ ಮೆಣಸಿಗಾಗಿ ಯುರೋಪಿನವರು ಯುದ್ಧ ಮಾಡಿದ್ರು. ಮತ್ತೊಂದು ಊರಿನ ಹೆಸರು ಮುಂಬೈ ಹತ್ತಿ ಮಾರುಕಟ್ಟೆಯಲ್ಲಿ ಒಂದು ಜಾತಿಯ ಹತ್ತಿಯ ಹೆಸರೇ ಆಗಿಹೋಗಿತ್ತು. ಇಂಥ ಊರುಗಳು ಟೀ ಕುಡಿಯೋ ಊರುಗಳಾಗಿದ್ದು ಹೇಗೆ? ಇವತ್ತಿನ ಪ್ರಶ್ನೆ ಅದು.

ಉತ್ತರಕ್ಕೆ ಮೊದಲು ಒಂದು ಟ್ರಿಪ್ ಕಥೆ ಕೇಳಿ. ಇದೂ ಚಳಿಗಾಲದ್ದೇ. ಇದರಲ್ಲೂ ಜೊತೆಗಾರರಿದ್ದರು, ಕೊನೆಗೆ ಒಂದು ನಗರ ಇತ್ತು. ಆದರೆ ಇದು ನಡೆದಿದ್ದು 1623ರಲ್ಲಿ.

ಪಿಯೆತ್ರೋ ಡೆಲ್ಲಾ ವಾಲೆ. ಇಟಲಿಯ ರೋಮ್ ನಗರದ ಶ್ರೀಮಂತ ಮನೆತನದವನು, ಹುಟ್ಟಿದ್ದು 1586ರಲ್ಲಿ. 1614ರಲ್ಲಿ ತೀರ್ಥಯಾತ್ರೆ ಅಂತ ಮನೆ ಬಿಟ್ಟವನು ವಾಪಸ್ ಹೋಗಿದ್ದು 12 ವರ್ಷ ಆದ ಮೇಲೆ. ತುರ್ಕಿ, ಈಜಿಪ್ಟ್, ಬಾಗ್ದಾದ್, ಪರ್ಷಿಯಾ ಎಲ್ಲ ಸುತ್ತಿ ಭಾರತಕ್ಕೆ ಬಂದ. ವ್ಯಾಪಾರಿ ಅಲ್ಲ, ಪಾದ್ರಿ ಅಲ್ಲ, ಸೈನಿಕನೂ ಅಲ್ಲ. ಊರು ನೋಡಬೇಕು, ಅಷ್ಟೇ. ನೋಡಿದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ಮಾರಿಯೋ ಸ್ಕಿಪಾನೋ ಅನ್ನೋ ವೈದ್ಯ ಮಿತ್ರನಿಗೆ ಉದ್ದುದ್ದ ಪತ್ರ ಬರೀತಿದ್ದ. ಊಟ ಏನು, ದಾರಿ ಹೇಗಿತ್ತು, ಯಾರು ಏನು ಬಟ್ಟೆ ಹಾಕಿದ್ದರು, ಎಲ್ಲ ತಾರೀಖಿನ ಸಮೇತ. ಇವತ್ತಿನ ಹುಡುಗರು ಮೊಬೈಲ್‌ನಲ್ಲಿ ಮಾಡೋ ಕೆಲಸವನ್ನ ಅವನು ಶಾಯಿಯಲ್ಲಿ ಮಾಡಿದ. ಭಾರತದ ಪತ್ರಗಳು ಪುಸ್ತಕವಾಗಿ ಅಚ್ಚಾಗಿದ್ದು 1663ರಲ್ಲಿ. ಅಷ್ಟೊತ್ತಿಗೆ ಅವನು ತೀರಿಕೊಂಡು 11 ವರ್ಷ ಆಗಿತ್ತು.

ಅವನ ಬಗ್ಗೆ ಇನ್ನೊಂದು ವಿಷಯ ಗೊತ್ತಿರಬೇಕು, ಮುಂದೆ ಬೇಕಾಗುತ್ತೆ. ಬಾಗ್ದಾದಿನಲ್ಲಿ ಅವನು ಸಿತ್ತಿ ಮಾನಿ ಅನ್ನೋ ಕ್ರೈಸ್ತ ಹುಡುಗಿಯನ್ನ ಪ್ರೀತಿಸಿ ಮದುವೆಯಾಗಿದ್ದ. 1621ರ ಡಿಸೆಂಬರ್ ಕೊನೆಯಲ್ಲಿ ಪರ್ಷಿಯಾದ ಕರಾವಳಿಯಲ್ಲಿ ಆಕೆ ಜ್ವರದಿಂದ ಸತ್ತಳು. ಅವನು ಅಲ್ಲೇ ಹೂಳಲಿಲ್ಲ. ಶವ ಕೆಡದಂತೆ ಲೇಪನ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೆ ತಂದ. ಕೊನೆಗೆ ರೋಮಿಗೆ ತೆಗೆದುಕೊಂಡು ಹೋಗಿ ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿದ. ನಮ್ಮ ಕರಾವಳಿಗೆ ಬಂದಾಗ ಅವನು ಹೆಂಡತಿಯನ್ನ ಕಳೆದುಕೊಂಡು ಎರಡು ವರ್ಷವೂ ಆಗಿರಲಿಲ್ಲ.

ಸರಿ, ಟ್ರಿಪ್‌ಗೆ ಬರೋಣ. ಆಗ ಗೋವಾದಲ್ಲಿ ಪೋರ್ಚುಗೀಸರ ಆಡಳಿತ. ಮಲೆನಾಡಿನಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಡಳಿತ. ಘಟ್ಟದ ಮೇಲೆ ಬೆಳೆದ ಮೆಣಸು ಕೆಳಗೆ ಬಂದರಿಗೆ ಬರಬೇಕಾದರೆ ವೆಂಕಟಪ್ಪನ ಕೈ ದಾಟಿಯೇ ಬರಬೇಕು. ಮಂಗಳೂರಿನ ಕಡೆ ಬಂಗ ಅರಸನ ನೆಲವನ್ನೂ ವೆಂಕಟಪ್ಪ ನುಂಗಿದ್ದ. ಆ ಅರಸ ಪೋರ್ಚುಗೀಸರ ಸ್ನೇಹಿತ. ಹೀಗಾಗಿ ಮಾತುಕತೆಗೆ ಅಂತ ಗೋವಾದಿಂದ ಒಬ್ಬ ರಾಯಭಾರಿ ಇಕ್ಕೇರಿಗೆ ಹೊರಟ. ಡೆಲ್ಲಾ ವಾಲೆಗೆ ಇದರಲ್ಲಿ ಯಾವ ಕೆಲಸವೂ ಇರಲಿಲ್ಲ. ಒಳನಾಡಿನ ಒಂದು ನಗರ ನೋಡೋ ಅವಕಾಶ ಬಿಡೋದ್ಯಾಕೆ ಅಂತ ಜೊತೆಗೆ ಹೊರಟ, ಅಷ್ಟೇ. ಇಕ್ಕೇರಿಯ ಕಡೆಯ ಬ್ರಾಹ್ಮಣ ರಾಯಭಾರಿಯೊಬ್ಬ ಆಗ ಗೋವಾದಿಂದ ಊರಿಗೆ ಮರಳುತ್ತಿದ್ದ, ಅವನೂ ಜೊತೆಯಾದ. ಅಕ್ಟೋಬರ್‌ನಲ್ಲಿ ಗೋವಾ ಬಿಟ್ಟು ಸಮುದ್ರದ ದಾರಿಯಲ್ಲಿ ಬಂದು ಇಳಿದಿದ್ದು ಹೊನ್ನಾವರದಲ್ಲಿ.

ಇಲ್ಲಿ ಒಂದು ನಿಮಿಷ ನಿಲ್ಲಿ. ಅವನು ಹೊನ್ನಾವರದಲ್ಲಿ ಇಳಿದಿದ್ದು ಯಾಕೆ? ಗೋವಾದಿಂದ ಇಕ್ಕೇರಿಗೆ ನೆಲದ ದಾರಿ ಹಿಡಿಯಬಹುದಿತ್ತಲ್ಲ? ನಕ್ಷೆ ತೆಗೆದು ನೋಡಿ, ಗೊತ್ತಾಗುತ್ತೆ. ನಮ್ಮ ಕರಾವಳಿಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ನೆಲದ ಮೇಲೆ ಹೋಗೋದು ದೊಡ್ಡ ಕಷ್ಟ. ಹತ್ತಿಪ್ಪತ್ತು ಕಿಲೋಮೀಟರಿಗೆ ಒಂದು ನದಿ ಅಡ್ಡ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಪ್ರತಿ ನದಿಗೂ ದೋಣಿ ಕಾಯಬೇಕು. ಉತ್ತರ–ದಕ್ಷಿಣಕ್ಕೆ ಸಮುದ್ರವೇ ಹೆದ್ದಾರಿ. ನೆಲದ ರಸ್ತೆ ಇದ್ದಿದ್ದು ಪಶ್ಚಿಮದಿಂದ ಪೂರ್ವಕ್ಕೆ. ನದಿ ಮುಖದ ಬಂದರಿನಲ್ಲಿ ಇಳಿ, ದೋಣಿಯಲ್ಲಿ ನದಿಯ ಮೇಲಕ್ಕೆ ಹೋಗು, ಘಟ್ಟದ ಬುಡದಲ್ಲಿ ಎತ್ತು ಹಿಡಿ, ಘಟ್ಟ ಹತ್ತು. ಹಡಗು ಮುಗಿದು ದಾರಿ ಶುರುವಾಗೋ ಜಾಗದಲ್ಲೇ ಊರು ಹುಟ್ಟಿತು. ಗೋದಾಮು, ಸುಂಕದ ಕಟ್ಟೆ, ದಲ್ಲಾಳಿ, ಛತ್ರ, ಗುಡಿ, ಮಸೀದಿ, ಬಸದಿ ಎಲ್ಲ ಅಲ್ಲೇ ಬಂದವು.

ಹೊನ್ನಾವರ ಅಂಥ ಊರು. ಡೆಲ್ಲಾ ವಾಲೆಗಿಂತ ಸುಮಾರು 280 ವರ್ಷ ಮೊದಲೇ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಇಲ್ಲಿ ಉಳಿದು ಹೋಗಿದ್ದ. ಅವನಿಗೆ ಬಂದರಿಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇಲ್ಲಿನ ಹೆಂಗಸರು. ಇಲ್ಲಿನ ಮುಸ್ಲಿಂ ಹೆಂಗಸರಿಗೆಲ್ಲ ಕುರಾನ್ ಬಾಯಿಪಾಠ ಬರುತ್ತೆ, ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಕಂಡೆ, ಇಂಥದ್ದನ್ನ ಬೇರೆಲ್ಲೂ ನೋಡಿಲ್ಲ ಅಂತ ಬರೆದಿದ್ದಾನೆ. ಹದಿನಾಲ್ಕನೇ ಶತಮಾನದ ಮಾತು ಇದು. ಇಲ್ಲಿನ ಸುಲ್ತಾನ ಜಮಾಲುದ್ದೀನ್ 52 ಹಡಗು ತೆಗೆದುಕೊಂಡು ಗೋವಾದ ಮೇಲೆ ದಂಡೆತ್ತಿ ಹೋದಾಗ ಬತೂತಾನೂ ಜೊತೆಗೆ ಹೋದ.

1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾಯ್ತಲ್ಲ, ಅದರ ಹಿಂದೆಯೂ ಹೊನ್ನಾವರ ಇದೆ. ಅಲ್ಬುಕರ್ಕ್ ಬೇರೆ ಕಡೆಗೆ ಹಡಗು ತಿರುಗಿಸಿಕೊಂಡು ಹೊರಟಿದ್ದ. ಅವನನ್ನ ತಡೆದು, ಗೋವಾ ಹಿಡಿಯೋಕೆ ಇದೇ ಸಮಯ ಅಂತ ಹೇಳಿದವನು ಹೊನ್ನಾವರದ ತಿಮ್ಮೋಜ, ವಿಜಯನಗರದ ಕಡೆಯ ಸಮುದ್ರ ನಾಯಕ. ಅವನ ಲೆಕ್ಕಾಚಾರ ಏನೇ ಇರಲಿ, ಗೋವಾ 1961ರವರೆಗೆ, ಅಂದ್ರೆ ನಾನೂರ ಐವತ್ತು ವರ್ಷ ಪೋರ್ಚುಗೀಸರ ಕೈಯಲ್ಲಿ ಉಳಿಯಿತು. ಗೋವಾ ಟ್ರಿಪ್ ಹೋಗೋರು ಹೊನ್ನಾವರದಲ್ಲಿ ಟೀ ಕುಡಿಯುವಾಗ ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ.

1569ರಲ್ಲಿ ಪೋರ್ಚುಗೀಸರು ಹೊನ್ನಾವರವನ್ನೂ ಹಿಡಿದು ಕೋಟೆ ಮಾಡಿಕೊಂಡರು. ಡೆಲ್ಲಾ ವಾಲೆ ಬಂದು ಉಳಿದಿದ್ದು ಆ ಕೋಟೆ ಊರಿನಲ್ಲಿ. ಘಟ್ಟ ಹತ್ತೋಕೆ ವ್ಯವಸ್ಥೆ ಆಗೋವರೆಗೆ ಕೆಲವು ದಿನ ಕಾಯಬೇಕಾಯ್ತು. ಆ ಕಾಯುವಿಕೆಯಲ್ಲಿ ಅವನಿಗೆ ದೀಪಾವಳಿ ಸಿಕ್ಕಿತು. ನಂತರ ದೋಣಿ ಹತ್ತಿ ಶರಾವತಿಯಲ್ಲಿ ಮೇಲಕ್ಕೆ ಹೊರಟರು. ಎರಡೂ ದಂಡೆಯಲ್ಲಿ ಕಾಡು, ಹಸಿರು, ತಿಳಿನೀರು. ಜಗತ್ತು ಸುತ್ತಿದ ಮನುಷ್ಯ, ತಾನು ಕಂಡ ಅತ್ಯಂತ ಚಂದದ ನದಿಗಳಲ್ಲಿ ಇದೂ ಒಂದು ಅಂತ ಮೆಚ್ಚಿಕೊಂಡ.

ಆ ಚಂದದ ದಾರಿಯ ಕೊನೆಗೆ ಸಿಕ್ಕಿದ್ದು ಗೇರುಸೊಪ್ಪೆ. ಒಂದು ಕಾಲದ ರಾಜಧಾನಿ. ಅವನು ನೋಡಿದಾಗ ಅರಮನೆಯ ಮೇಲೆ ಮರ ಬೆಳೆದಿತ್ತು. ಉಳಿದಿದ್ದು ರೈತರ ನಾಲ್ಕಾರು ಗುಡಿಸಲು.

ಗೇರುಸೊಪ್ಪೆ ಅಂದ್ರೆ ಚೆನ್ನಭೈರಾದೇವಿ. 1552ರಿಂದ 1606ರವರೆಗೆ, 54 ವರ್ಷ ಆಳಿದ ಜೈನ ರಾಣಿ. ಪೋರ್ಚುಗೀಸರೇ ಆಕೆಗೆ ‘ರೈನಾ ದ ಪಿಮೆಂಟಾ’, ಅಂದ್ರೆ ಮೆಣಸಿನ ರಾಣಿ ಅಂತ ಹೆಸರಿಟ್ಟಿದ್ದರು. ಹೊನ್ನಾವರ ಕೈತಪ್ಪಿದ ಮೇಲೂ ಮೆಣಸಿನ ವ್ಯಾಪಾರ ಬಿಟ್ಟುಕೊಡದೆ ದಶಕಗಳ ಕಾಲ ಅವರ ಜೊತೆ ಒಮ್ಮೆ ಜಗಳ, ಒಮ್ಮೆ ಒಪ್ಪಂದ ಮಾಡಿಕೊಂಡು ನಿಂತವಳು. ಕುಮಟಾದಿಂದ ಸ್ವಲ್ಪ ಮುಂದೆ, ಹೆದ್ದಾರಿಯ ಪಕ್ಕದಲ್ಲೇ ಇರೋ ಮಿರ್ಜಾನ್ ಕೋಟೆಗೂ ಜನ ಈಕೆಯ ಹೆಸರನ್ನೇ ಹೇಳ್ತಾರೆ. ಅಲ್ಲಿ ಪುರಾತತ್ವ ಇಲಾಖೆ ಅಗೆದಾಗ ಪೋರ್ಚುಗೀಸ್ ಚಿನ್ನದ ನಾಣ್ಯ, ಚೀನಾದ ಪಿಂಗಾಣಿ ಚೂರು ಸಿಕ್ಕಿವೆ. ಕುಮಟಾ ಪಕ್ಕದ ಒಂದು ನದಿ ದಂಡೆಗೆ ಚೀನಾದ ಪಾತ್ರೆ ಬರ್ತಿತ್ತು ಅಂದ್ರೆ ಆ ಬಂದರಿನ ಓಡಾಟ ಎಷ್ಟಿತ್ತು, ಊಹಿಸಿ.

ಕೊನೆಗೆ ಆಕೆಯನ್ನ ಸೋಲಿಸಿದ್ದು ಪೋರ್ಚುಗೀಸರಲ್ಲ, ಘಟ್ಟದ ಮೇಲಿನ ವೆಂಕಟಪ್ಪ ನಾಯಕ. ರಾಣಿ ಸೆರೆಯಾದಳು, ಸೆರೆಯಲ್ಲೇ ಸತ್ತಳು. ಇನ್ನು ಡೆಲ್ಲಾ ವಾಲೆ ಕೇಳಿಸಿಕೊಂಡ ಕಥೆ ನೋಡಿ. ರಾಣಿ ಯಾರೋ ಹೊರಗಿನ ಕೀಳು ಕುಲದವನಿಗೆ ಮನಸೋತಳು, ಅವನು ದ್ರೋಹ ಮಾಡಿದ, ಅದರಿಂದ ರಾಜ್ಯ ಹೋಯ್ತು ಅಂತ. ಆಕೆ ಸೋತು 17 ವರ್ಷಕ್ಕೆ ದಾರಿಯಲ್ಲಿ ಹೇಳ್ತಿದ್ದ ಕಥೆ ಇದು! 54 ವರ್ಷ ಬಂದರು, ಕೋಟೆ, ಸುಂಕ, ಸೈನ್ಯ ಸಂಭಾಳಿಸಿದ ಹೆಂಗಸಿನ ಸೋಲಿಗೆ ಗೆದ್ದವರ ಊರಿನಲ್ಲಿ ಸಿಕ್ಕ ಕಾರಣ ಒಬ್ಬ ಗಂಡಸು. ಮೆಣಸಿನ ದಾರಿಯ ಮೇಲ್ತುದಿ ಯಾರ ಕೈಯಲ್ಲಿದೆಯೋ ಅವನು ಕೆಳತುದಿಯನ್ನ ಹಿಡೀತಾನೆ ಅನ್ನೋ ಸೀದಾ ಕಾರಣ ಯಾರಿಗೂ ರುಚಿಸಲಿಲ್ಲ. ಗಾಸಿಪ್ ಆಗಲೂ ಚೆನ್ನಾಗಿಯೇ ಓಡ್ತಿತ್ತು ಅಂತಾಯ್ತು.

ಗೇರುಸೊಪ್ಪೆಯಿಂದ ಘಟ್ಟ. ಕಡಿದಾದ ಕಾಡುದಾರಿ. ಮೇಲೆ ಒಂದು ಕೋಟೆ, ಅಲ್ಲಿ ವಿಶ್ರಾಂತಿ. ಅಲ್ಲಿನ ಒಂದು ಗುಡಿಯ ಜಗಲಿಯಲ್ಲಿ ಅವನು ಕಂಡ ದೃಶ್ಯ ಇವತ್ತಿಗೂ ಶಿಕ್ಷಣದ ಇತಿಹಾಸ ಬರೆಯೋರಿಗೆ ಬೇಕಾದದ್ದು. ನಾಲ್ಕು ಜನ ಹುಡುಗರು ನೆಲದ ಮೇಲೆ ನುಣ್ಣನೆ ಮರಳು ಹರಡಿಕೊಂಡು ಲೆಕ್ಕ ಕಲೀತಿದ್ದರು. ಒಬ್ಬ ರಾಗವಾಗಿ ಹಾಡಿ ಹೇಳೋದು, ಹೇಳ್ತಾ ಬೆರಳಿನಿಂದ ಮರಳಿನ ಮೇಲೆ ಬರೆಯೋದು, ಉಳಿದವರೂ ಹಾಡಿ ಬರೆಯೋದು. ಮರಳು ತುಂಬಿತು ಅಂದ್ರೆ ಅಳಿಸಿ ಮತ್ತೆ ಹರಡೋದು. ಮೇಷ್ಟ್ರು ಎಲ್ಲಿ ಅಂತ ಕೇಳಿದ. ಮೇಷ್ಟ್ರು ಇಲ್ಲದಾಗ ನಾವೇ ಒಬ್ಬರಿಗೊಬ್ಬರು ಹೇಳಿಕೊಡ್ತೀವಿ, ಮರೆತಿದ್ದು ಹೀಗೆ ನೆನಪಾಗುತ್ತೆ ಅಂದ್ರು. ಕಾಗದ ಖರ್ಚಿಲ್ಲ, ಬೆತ್ತ ಇಲ್ಲ. ಇವತ್ತು ಲಕ್ಷಾಂತರ ರೂಪಾಯಿ ಫೀಸು ತಗೊಳ್ಳೋ ಶಾಲೆಗಳು ಗುಂಪು ಕಲಿಕೆ ಅಂತ ಕರಪತ್ರದಲ್ಲಿ ಹಾಕಿಕೊಳ್ಳೋದು ಇದನ್ನೇ.

ನವೆಂಬರ್‌ನಲ್ಲಿ ಇಕ್ಕೇರಿ. ಇಷ್ಟೆಲ್ಲ ದೂರ ಬಂದಿದ್ದೇ ಈ ನಗರ ನೋಡೋಕೆ. ಊರು ದೊಡ್ಡದು, ಬೀದಿ ಅಗಲ, ಮನೆಗಳು ಮಾತ್ರ ಅಷ್ಟಕ್ಕಷ್ಟೇ ಅಂತ ಬರೆದ. ಸಂಜೆ ಹೊತ್ತು ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಹಾಡ್ತಾ ಕುಣಿಯೋದನ್ನ ಕಂಡು ಖುಷಿಪಟ್ಟ. ನಮ್ಮ ಕೋಲಾಟ ಅದು.

ಅದೇ ಬೀದಿಯಲ್ಲಿ ಒಂದು ದಿನ ಇನ್ನೊಂದು ಮೆರವಣಿಗೆ ಬಂತು. ಒಬ್ಬ ಹೆಂಗಸು ಕುದುರೆ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು. ಮುಂದೆ ವಾದ್ಯ. ಗಂಡ ಸತ್ತಿದ್ದಾನೆ, ಈಕೆ ಸಹಗಮನಕ್ಕೆ ಹೊರಟವಳು ಅಂತ ಗೊತ್ತಾಯ್ತು. ಕೆಲವು ದಿನದ ನಂತರ ಡೆಲ್ಲಾ ವಾಲೆ ಆಕೆಯ ಮನೆ ಹುಡುಕಿಕೊಂಡು ಹೋದ. ಹೆಸರು ಜಕ್ಕಮ್ಮ. ಮಾತು ತೆಲುಗು. ಗಂಡ ನಗಾರಿ ಬಾರಿಸೋನು. ಸಣ್ಣ ಮಕ್ಕಳಿದ್ದರು. ದುಭಾಷಿ ಇಟ್ಟುಕೊಂಡು ಕೂತು ಮಾತಾಡಿದ. ಯಾಕೆ ಸಾಯ್ತೀಯ, ಮಕ್ಕಳ ಮುಖ ನೋಡು ಅಂತ ಬೇಡಿಕೊಂಡ. ಯಾರ ಬಲವಂತವೂ ಇಲ್ಲ, ನನ್ನ ಇಷ್ಟದಿಂದಲೇ ಹೋಗ್ತಿದ್ದೀನಿ ಅಂತ ಆಕೆ ನಗುತ್ತಲೇ ಹೇಳಿದಳು. ಅವನಿಗೆ ಸೋಲೊಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ನಿನ್ನ ಹೆಸರು ಜಗತ್ತಿನಲ್ಲಿ ಉಳಿಯೋ ಹಾಗೆ ಬರೀತೀನಿ ಅಂತ ಮಾತು ಕೊಟ್ಟು ಎದ್ದು ಬಂದ. ಆ ಮಾತು ಉಳಿಸಿಕೊಂಡ, ಆಕೆಯ ಮೇಲೆ ಪದ್ಯ ಕಟ್ಟಿದ.

ಹೆಂಡತಿಯ ಹೆಣವನ್ನ ಬಿಟ್ಟಿರಲಾರದೆ ಖಂಡ ದಾಟಿಸುತ್ತಿದ್ದ ಗಂಡಸು, ಸತ್ತ ಗಂಡನ ಹಿಂದೆ ಬೆಂಕಿಗೆ ಹೋಗ್ತೀನಿ ಅನ್ನೋ ಹೆಂಗಸಿನ ಮುಂದೆ ಕೂತು ಬದುಕು ಅಂತ ಹೇಳ್ತಿದ್ದಾನೆ. ಇಬ್ಬರ ದುಃಖವೂ ಒಂದೇ. ಆದರೆ ಆ ಕಾಲ ಅವನಿಗೆ ಊರೂರು ಸುತ್ತೋಕೆ ಬಿಟ್ಟಿತ್ತು, ಆಕೆಗೆ ಚಿತೆಯ ದಾರಿಯೊಂದನ್ನೇ ಗೌರವ ಅಂತ ತೋರಿಸಿತ್ತು. ಮೆರವಣಿಗೆ, ವಾದ್ಯ, ಛತ್ರಿ ಹಿಡಿದು ಊರೆಲ್ಲ ಕೊಂಡಾಡುವಾಗ ‘ನನ್ನ ಇಷ್ಟ’ ಅನ್ನೋ ಮಾತಿನ ತೂಕ ಎಷ್ಟು, ನೀವೇ ಯೋಚನೆ ಮಾಡಿ. ನಾಡಿನ ಇತಿಹಾಸದಲ್ಲಿ ರಾಜರ ಹೆಸರು ಬೇಕಾದಷ್ಟು ಸಿಗುತ್ತೆ. ನಗಾರಿಯವನ ಹೆಂಡತಿಯೊಬ್ಬಳ ಹೆಸರು ನಾನೂರು ವರ್ಷ ಉಳಿದಿದ್ದು ಒಬ್ಬ ಪ್ರವಾಸಿ ಆಕೆಯ ಮನೆ ಬಾಗಿಲಲ್ಲಿ ನಿಂತು ಹೆಸರು ಕೇಳಿದ್ದಕ್ಕೆ.

ಇಕ್ಕೇರಿ ಬಿಟ್ಟ ಮೇಲೆ ಅವನು ದಕ್ಷಿಣದ ಕಡೆ ಇಳಿದು ಮಂಗಳೂರು ಸೇರಿದ, ಉಳ್ಳಾಲದ ರಾಣಿಯನ್ನ ಭೇಟಿಯಾದ. ಭಟ್ಕಳ, ಕುಮಟಾ ಅವನ ಈ ದಾರಿಯಲ್ಲಿ ಬರಲಿಲ್ಲ. ಅವುಗಳ ಕಥೆಯನ್ನ ನಾವೇ ಹೇಳಿಕೊಳ್ಳಬೇಕು.

ಭಟ್ಕಳ ಅಂದ ಕೂಡಲೇ ನಿಮ್ಮ ತಲೆಯಲ್ಲಿ ಏನು ಬರುತ್ತೆ ಅಂತ ಗೊತ್ತು. ಟಿವಿಯಲ್ಲಿ ಆ ಊರಿಗೆ ಮೀಸಲಾಗಿರೋದು ಒಂದೇ ಬಗೆಯ ಸುದ್ದಿ, ಕೆಂಪು ಅಕ್ಷರ, ದೊಡ್ಡ ಸದ್ದು. ಹತ್ತಾರು ವರ್ಷ ಒಂದು ಊರಿನ ಬಗ್ಗೆ ಒಂದೇ ಮಾತು ಕೇಳಿದರೆ ಉಳಿದಿದ್ದೆಲ್ಲ ಮರೆತು ಹೋಗುತ್ತೆ. ಉಳಿದಿದ್ದು ಏನು ಅಂತ ಹೇಳ್ತೀನಿ.

ವಿಜಯನಗರದ ಕಾಲದಲ್ಲಿ ಭಟ್ಕಳ ಆ ಸಾಮ್ರಾಜ್ಯದ ದೊಡ್ಡ ಬಂದರು. ಅರಬ್ ದೇಶದಿಂದ ಕುದುರೆ ಬಂದಿಳಿದು ಘಟ್ಟ ಹತ್ತಿ ಹಂಪೆಗೆ ಹೋಗ್ತಿದ್ದವು. ಇಲ್ಲಿಂದ ಸಕ್ಕರೆ, ಅಕ್ಕಿ, ಮೆಣಸು ಹೋಗ್ತಿತ್ತು. ಅರಬ್ ಮೂಲದ ವ್ಯಾಪಾರಿಗಳು ಇಲ್ಲೇ ನೆಲೆಯಾಗಿ ನವಾಯತರಾದರು. ಅವರ ನವಾಯತಿ ಭಾಷೆ ಕೇಳಿ ನೋಡಿ. ಕೊಂಕಣಿಯ ಮೈ, ಅರಬ್ಬಿ–ಪಾರಸಿಯ ಒಡವೆ. ಅವರ ಹಳೆಯ ಜಾಮಿಯಾ ಮಸೀದಿಯನ್ನ ಜನ ಕರೆಯೋದು ‘ಚಿನ್ನದ ಪಳ್ಳಿ’ ಅಂತ, ಅಚ್ಚ ಕನ್ನಡದ ಹೆಸರು. ಅದೇ ಊರಿನಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಖೇತಪೈ ಅನ್ನೋ ಕೊಂಕಣಿ ವ್ಯಾಪಾರಿ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ ನಾರಾಯಣ ದೇವಸ್ಥಾನ ಇದೆ, ಅದರ ಗೋಡೆ ತುಂಬ ರಾಮಾಯಣದ ಕೆತ್ತನೆ. ಹೆದ್ದಾರಿಯಿಂದ ಇದ್ಯಾವುದೂ ಕಾಣೋದಿಲ್ಲ.

ಪೋರ್ಚುಗೀಸರು ಬಂದ ಮೇಲೆ ಕುದುರೆ ವ್ಯಾಪಾರವನ್ನ ಗೋವಾಕ್ಕೆ ಎಳೆದುಕೊಂಡರು. 1502ರಲ್ಲಿ ವಾಸ್ಕೋ ಡ ಗಾಮಾ ಭಟ್ಕಳದ ಮೇಲೆ ಕಪ್ಪ ಹೇರಿದ. 1542ರಲ್ಲಿ ಗೋವಾದ ಗವರ್ನರ್ ಮಾರ್ಟಿಮ್ ಅಫೋನ್ಸೊ ಡ ಸೋಜಾ ಊರನ್ನೇ ಲೂಟಿ ಮಾಡಿ ಬೆಂಕಿ ಇಟ್ಟ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಕುದುರೆ ಕೊಳ್ಳೋ ದೊಡ್ಡ ಗಿರಾಕಿಯೂ ಇಲ್ಲವಾದ. ದಾರಿಯ ಎರಡೂ ತುದಿ ಕಡಿದು ಹೋದ ಮೇಲೆ ನಡುವಿನ ಊರು ಏನು ಮಾಡಬೇಕು?

ಆದರೂ ಇಲ್ಲಿ ಕೆಲಸ ನಿಂತಿರಲಿಲ್ಲ. ಭಟ್ಕಳ ತಾಲೂಕಿನ ಒಳಗೆ ಹಾಡುವಳ್ಳಿ ಅಂತ ಊರಿದೆ. ಹಳೆಯ ಹೆಸರು ಸಂಗೀತಪುರ. ಅಲ್ಲಿನ ಜೈನ ಮಠದಲ್ಲಿ ಕಲಿತ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಮುಗಿಸಿದ. ಕನ್ನಡದ ವ್ಯಾಕರಣವನ್ನ 592 ಸಂಸ್ಕೃತ ಸೂತ್ರಗಳಲ್ಲಿ ಹೇಳಿದ ಗ್ರಂಥ. ಸಂಸ್ಕೃತದ ಪಂಡಿತರು ಕನ್ನಡವನ್ನ ಹಗುರವಾಗಿ ಕಾಣುತ್ತಿದ್ದ ಕಾಲದಲ್ಲಿ, ಅವರ ಭಾಷೆಯಲ್ಲೇ ಕನ್ನಡಕ್ಕೂ ಶಾಸ್ತ್ರ ಇದೆ ಅಂತ ತೋರಿಸಿದವನು. ಭಟ್ಕಳಕ್ಕೆ ಹೆಸರು ಬಂದಿದ್ದೇ ಅವನಿಂದ ಅಂತ ಕೆಲವರು ಹೇಳ್ತಾರೆ. ಅದು ಲೆಕ್ಕಕ್ಕೆ ಕೂರೋದಿಲ್ಲ. ಅವನಿಗಿಂತ ನೂರು ವರ್ಷ ಮೊದಲೇ ಪೋರ್ಚುಗೀಸರು ಈ ಊರನ್ನ ‘ಬಾಟಿಕಾಲಾ’ ಅಂತ ಬರೆದಿದ್ದಾರೆ. ಊರಿನ ಹೆಸರಿಗೆ ಅವನು ಬೇಕಾಗಿಲ್ಲ, ಕನ್ನಡಕ್ಕೆ ಬೇಕು. ಕನ್ನಡ ಉಳಿಸಿ ಅಂತ ಭಾಷಣ ಮಾಡೋ ನಾವು ಹಾಡುವಳ್ಳಿ ಕಡೆ ಕಾರು ತಿರುಗಿಸಿದ್ದೀವಾ?

ಇನ್ನು ಕುಮಟಾ. ಇದರ ಏಳುಬೀಳಿಗೆ ಕಾರಣ ಅಮೆರಿಕ ಅಂದ್ರೆ ನಂಬ್ತೀರಾ? 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯ್ತು. ದಕ್ಷಿಣದ ಬಂದರುಗಳಿಗೆ ಉತ್ತರದವರು ದಿಗ್ಬಂಧನ ಹಾಕಿದರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಇಲ್ಲ. ಅವರ ಕಣ್ಣು ಬಿದ್ದಿದ್ದು ಧಾರವಾಡದ ಕಪ್ಪು ಮಣ್ಣಿನ ಮೇಲೆ. ಧಾರವಾಡ, ಹುಬ್ಬಳ್ಳಿಯ ಹತ್ತಿ ಎತ್ತಿನ ಮೇಲೆ, ಗಾಡಿಯ ಮೇಲೆ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಸೇರ್ತಿತ್ತು. ಇಲ್ಲಿಂದ ಹಡಗಿನಲ್ಲಿ ಮುಂಬೈ, ಅಲ್ಲಿಂದ ಇಂಗ್ಲೆಂಡ್. ಯಾವ ಬಂದರಿನಿಂದ ಬಂತೋ ಅದೇ ಹೆಸರು ಸರಕಿಗೆ ಅಂಟಿಕೊಂಡಿತು. ಬೆಳೆದಿದ್ದು ಧಾರವಾಡದಲ್ಲಿ, ಹೆಸರು ಕುಮಟಾ ಹತ್ತಿ.

ಈ ಹತ್ತಿಯಿಂದ ಜಿಲ್ಲೆಯ ಗೆರೆಯೂ ಬದಲಾಯಿತು. ಧಾರವಾಡ ಮುಂಬೈ ಆಡಳಿತದಲ್ಲಿ, ಬಂದರು ಮದ್ರಾಸ್ ಆಡಳಿತದಲ್ಲಿ. ಹತ್ತಿ ಬೆಳೆಯೋ ನೆಲ, ಹತ್ತಿ ಸಾಗಿಸೋ ಬಂದರು ಎರಡೂ ಒಂದೇ ಕೈಯಲ್ಲಿರಲಿ ಅಂತ ಮ್ಯಾಂಚೆಸ್ಟರ್ ವ್ಯಾಪಾರಿಗಳು ಒತ್ತಡ ಹಾಕಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈಗೆ ಹೋಯ್ತು, ಮಂಗಳೂರಿನ ಕಡೆ ಮದ್ರಾಸಿನಲ್ಲೇ ಉಳಿಯಿತು. 1956ರಲ್ಲಿ ಏಕೀಕರಣ ಆಗೋವರೆಗೆ ಕರಾವಳಿಯ ಕನ್ನಡಿಗರು ಎರಡು ಬೇರೆ ಬೇರೆ ರಾಜಧಾನಿಗಳ ಮುಖ ನೋಡಿಕೊಂಡು ಬದುಕಿದರು. ಇವತ್ತು ಭಟ್ಕಳ ದಾಟಿ ಬೈಂದೂರಿನ ಕಡೆ ಹೋಗುವಾಗ ‘ಜಿಲ್ಲೆಗೆ ಸ್ವಾಗತ’ ಅನ್ನೋ ಬೋರ್ಡ್ ಕಾಣುತ್ತಲ್ಲ, ಅದರ ಹಿಂದೆ ಹತ್ತಿಯ ಮೂಟೆ ಇದೆ.

ಯುದ್ಧ 1865ಕ್ಕೆ ಮುಗಿಯಿತು. ಬೆಲೆ ಬಿತ್ತು. ಸರ್ಕಾರದ ಒಲವು ಕಾರವಾರ ಬಂದರಿನ ಕಡೆ ಹೋಯ್ತು. ಕೊನೆಯ ಪೆಟ್ಟು ಕೊಟ್ಟಿದ್ದು ರೈಲು. 1880ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ಕ್ಯಾಸಲ್‌ರಾಕ್ ಮೇಲೆ ಗೋವಾದ ಮರ್ಮಗೋವಾ ಬಂದರಿಗೆ ಹಳಿ ಬಂತು. ಗಾಡಿಯಲ್ಲಿ ಘಟ್ಟ ಇಳಿಸೋ ಕಷ್ಟ ಯಾರಿಗೆ ಬೇಕು? ಹತ್ತಿ ರೈಲು ಹತ್ತಿತು. ಕುಮಟಾದ ಗೋದಾಮು ಖಾಲಿಯಾಯಿತು. ತಮಾಷೆ ಏನಂದ್ರೆ ಕುಮಟಾಕ್ಕೆ ಹತ್ತಿ ಬರೋದು ನಿಂತ ಮೇಲೂ ಎಷ್ಟೋ ವರ್ಷ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಅನ್ನೋ ಹೆಸರು ಮಾತ್ರ ಓಡ್ತಾನೇ ಇತ್ತು.

ಈಗ ಮೂರೂ ಕಥೆ ಪಕ್ಕಪಕ್ಕದಲ್ಲಿಟ್ಟು ನೋಡಿ. ಗೇರುಸೊಪ್ಪೆ–ಹೊನ್ನಾವರಕ್ಕೆ ಮೆಣಸಿನ ದಾರಿ, ಭಟ್ಕಳಕ್ಕೆ ಕುದುರೆಯ ದಾರಿ, ಕುಮಟಾಕ್ಕೆ ಹತ್ತಿಯ ದಾರಿ. ಎಲ್ಲವೂ ಸಮುದ್ರದಿಂದ ಘಟ್ಟಕ್ಕೆ ಹೋಗೋ ದಾರಿ. ದಾರಿ ಇದ್ದಷ್ಟು ದಿನ ಊರು ನಗರ. ದಾರಿ ತಿರುಗಿದ ಮೇಲೆ ನಗರ ಊರಾಯಿತು. ಜನ ಸೋಮಾರಿಗಳಾಗಿದ್ದಕ್ಕಲ್ಲ, ದೇವರ ಶಾಪಕ್ಕೂ ಅಲ್ಲ.

ಇಪ್ಪತ್ತನೇ ಶತಮಾನ ಈ ನಕ್ಷೆಯನ್ನ 90 ಡಿಗ್ರಿ ತಿರುಗಿಸಿಬಿಟ್ಟಿತು. ನದಿಗಳಿಗೆ ಸೇತುವೆ ಬಂತು. ಪನವೇಲಿನಿಂದ ಕನ್ಯಾಕುಮಾರಿವರೆಗೆ ಹೆದ್ದಾರಿ ಬಂತು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿ ದಾರಿಯಲ್ಲಿ ಓಡಿತು. ಆ ದಾರಿಯ ಅತಿ ಉದ್ದದ ಸೇತುವೆ ಎಲ್ಲಿದೆ ಗೊತ್ತಾ? ಹೊನ್ನಾವರದಲ್ಲೇ, ಶರಾವತಿಯ ಮೇಲೆ, ಎರಡು ಕಿಲೋಮೀಟರಿಗೂ ಹೆಚ್ಚು. ಎಂಜಿನಿಯರಿಂಗ್ ಓದಿದ ನನ್ನಂಥವರಿಗೆ ಆ ಸೇತುವೆ ನೋಡಿದರೆ ಹೆಮ್ಮೆಯಾಗುತ್ತೆ. ಆದರೆ ಅದು ಮಾಡಿದ ಕೆಲಸ ಇನ್ನೊಂದಿದೆ. ಹಡಗು ನಿಂತು ದಾರಿ ಶುರುವಾಗ್ತಿದ್ದ ಊರನ್ನ, ದಾರಿ ನಿಲ್ಲದೆ ಹಾದು ಹೋಗೋ ಊರನ್ನಾಗಿ ಮಾಡಿತು. ಮುಂಬೈಗೆ ಹೋಗೋನಿಗೂ ಮಂಗಳೂರಿಗೆ ಹೋಗೋನಿಗೂ ಹೊನ್ನಾವರ ನಡುವಿನ ಒಂದು ಬೋರ್ಡ್.

ಹೆದ್ದಾರಿ ಬೇಡ ಅಂತ ನಾನು ಹೇಳ್ತಿಲ್ಲ. ರಾತ್ರಿ ಹೊತ್ತು ಹೊಟ್ಟೆನೋವು ಬಂದ ಹೆಂಗಸನ್ನ ಮಣಿಪಾಲಕ್ಕೆ ಸೇರಿಸಬೇಕಾದ ಕುಮಟಾದ ಮನೆಯವರಿಗೆ ಆ ರಸ್ತೆಯ ಬೆಲೆ ಗೊತ್ತು. ಪ್ರಶ್ನೆ ಇರೋದು, ಹಾದು ಹೋಗೋರಿಗಾಗಿ ಮಾಡಿದ ದಾರಿಯ ಖರ್ಚನ್ನ ಅಲ್ಲೇ ಇರೋರು ಎಷ್ಟು ಕಟ್ಟಬೇಕು ಅನ್ನೋದು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಬದಿಯ ಟೀ ಅಂಗಡಿ, ಅದನ್ನ ನಡೆಸ್ತಿದ್ದ ಮನೆಯವರು, ಅಲ್ಲಿ ನಿಂತಿದ್ದ ಲಾರಿ ಎಲ್ಲ ಗಂಗಾವಳಿ ಪಾಲಾದವು. ನಾವು ಟೀ ಕುಡಿದು ಮುಂದೆ ಹೋಗ್ತೀವಿ. ಟೀ ಕೊಡೋರು ಆ ಗುಡ್ಡದ ಕೆಳಗೇ ಇರ್ತಾರೆ.

ಇನ್ನೊಂದು ಮಾತು. ಹಾದು ಹೋಗೋ ಊರಿನ ಬಗ್ಗೆ ಏನು ಬೇಕಾದರೂ ಹೇಳಬಹುದು, ಪ್ರಶ್ನೆ ಮಾಡೋಕೆ ಯಾರೂ ನಿಲ್ಲೋದಿಲ್ಲ. ಗೇರುಸೊಪ್ಪೆಯ ರಾಣಿಗೆ ಆದದ್ದು ಅದೇ, ಭಟ್ಕಳಕ್ಕೆ ಆಗ್ತಿರೋದು ಅದೇ. ಡೆಲ್ಲಾ ವಾಲೆ ರಾಣಿಯ ಬಗ್ಗೆ ಕೇಳಿಸಿಕೊಂಡಿದ್ದನ್ನ ಬರೆದ, ಅದು ಗಾಸಿಪ್ ಆಯ್ತು. ಜಕ್ಕಮ್ಮನ ಮನೆಗೆ ಹೋಗಿ ಕೂತು ಮಾತಾಡಿ ಬರೆದ, ಅದು ಇತಿಹಾಸ ಆಯ್ತು. ಒಬ್ಬನೇ ಮನುಷ್ಯ, ಒಂದೇ ಟ್ರಿಪ್.

ಆದ್ದರಿಂದ ಈ ಚಳಿಗಾಲದಲ್ಲಿ ಹೊರಡೋರಿಗೆ ನನ್ನದೊಂದು ಸಲಹೆ. ಬೆಂಗಳೂರಿನಿಂದ ಸಾಗರದ ಮೇಲೆ ಹೊನ್ನಾವರಕ್ಕೆ ಇಳಿಯೋ ರಸ್ತೆ, ಹಿಂದೆ 206 ಅಂತಿದ್ದು ಈಗ 69 ಆಗಿದೆಯಲ್ಲ, ಅದು ಹೆಚ್ಚು ಕಡಿಮೆ ಡೆಲ್ಲಾ ವಾಲೆ ಹತ್ತಿದ ದಿಕ್ಕೇ. ಅವನಿಗೆ ದಿನಗಟ್ಟಲೆ ಹಿಡಿದ ದಾರಿ ನಿಮಗೆ ಎರಡು ಮೂರು ಗಂಟೆ. ಸಾಗರದ ಪಕ್ಕದಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಮುಂದೆ ಇಳಿಯಿರಿ. ಆ ನಗರದಲ್ಲಿ ಗಟ್ಟಿಯಾಗಿ ಉಳಿದಿರೋದು ಅದೊಂದೇ. ಜೋಗ ನೋಡಿ ಘಟ್ಟ ಇಳಿದರೆ ಗೇರುಸೊಪ್ಪೆ. ಹೊಳೆಯ ಆಚೆ ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ನಾಲ್ಕು ಜಿನ ಮೂರ್ತಿ. ಒಂದು ರಾಜಧಾನಿ ಇಲ್ಲಿತ್ತು ಅನ್ನೋಕೆ ಸಾಕ್ಷಿ ಅದು. ಕುಮಟಾ ದಾಟಿದ ಮೇಲೆ ಮಿರ್ಜಾನ್‌ಗೆ ಒಂದು ಗಂಟೆ. ವಾಪಸ್ ಬರುವಾಗ ಭಟ್ಕಳದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗಿ. ಖೇತಪೈ ದೇವಸ್ಥಾನ ನೋಡಿ, ಬಸದಿ ನೋಡಿ, ಚಿನ್ನದ ಪಳ್ಳಿ ಇರೋ ಬೀದಿಯಲ್ಲಿ ನಡೆಯಿರಿ, ಬಿರಿಯಾನಿ ತಿನ್ನಿ, ಮಲ್ಲಿಗೆ ಕೊಳ್ಳಿ.

ಮತ್ತೆ ಅಲ್ಲಿ ಯಾರ ಜೊತೆಗಾದರೂ ಹತ್ತು ನಿಮಿಷ ಕೂತು ಮಾತಾಡಿ. ಹೆಸರು ಕೇಳಿ.